ಲಿಸ್ಬನ್ನಿನ ಮೇಜಿಗೆ ಜಾವಳಿಯ ಕಣದ ಕಾಫಿ

ಹೊರಡುವ ಮುಂಚೆ, ಜಾವಳಿ

ನಮ್ಮ ಮೂಡಿಗೆರೆ ಕಡೆ ವಿದೇಶಕ್ಕೆ ಹೋಗಿಬಂದವನ ಮಾತನ್ನು ಜನ ಮೂರು ತಿಂಗಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಆಮೇಲೆ ಅವನು ಎದುರಿಗೆ ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ನಾನು ಪೋರ್ಚುಗಲ್ಲಿಗೆ ಹೋಗಿಬಂದು ವರ್ಷದ ಮೇಲಾಯಿತು. ದಾಟುವವರೆಲ್ಲ ದಾಟಿಯಾಗಿದೆ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ಓದುವವರು ಬೇಕಾದರೆ ಪುಟ ಮಗುಚಲಿ, ನನಗೇನೂ ಕಾಣುವುದಿಲ್ಲ.

ಈ ಪ್ರವಾಸಕ್ಕೆ ಕಾರಣ ಲಾರೆನ್ಸ್. ಮಂಗಳೂರಿನ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ರೂಮಿನಲ್ಲಿದ್ದವರು. ಓದು ಮುಗಿಸಿ ನಾನು ಜಾವಳಿಗೆ ಬಂದು ಅಪ್ಪನ ತೋಟ ನೋಡಿಕೊಂಡೆ. ಅವನು ಹಡಗಿನ ಕೆಲಸ ಹಿಡಿದು ಊರೂರು ಸುತ್ತಿ, ಕೊನೆಗೆ ಲಿಸ್ಬನ್ನಿನಲ್ಲಿ ಮದುವೆಯಾಗಿ ಅಲ್ಲೇ ನಿಂತ. ಅವನ ಮಾವನ ಹೆಸರು ಅಲ್ಮೇಡ. ಆಫ್ರಿಕಾದ ಅಂಗೋಲಾದಲ್ಲಿ ಮೂವತ್ತು ವರ್ಷ ರೊಬಸ್ಟ ಕಾಫಿ ಬೆಳೆದವರು. ಆ ದೇಶ ಸ್ವತಂತ್ರವಾದಾಗ ತೋಟ, ಬಂಗಲೆ, ಕಣ ಎಲ್ಲ ಬಿಟ್ಟು ಎರಡು ಪೆಟ್ಟಿಗೆ ಹಿಡಿದು ಬಂದವರು. ಬಂದು ಎಂಟು ವರ್ಷ ಕಳೆದಿತ್ತು.

ಲಾರೆನ್ಸ್ ಬರೆದ ಕಾಗದದಲ್ಲಿ ಹೀಗಿತ್ತು: "ನೀನು ಬಂದರೆ ಮಾವ ದೊಡ್ಡ ಊಟ ಹಾಕಿಸುತ್ತಾರಂತೆ. ಒಂದೊಂದು ಐಟಮ್ಮಿಗೆ ಒಂದೊಂದು ವೈನ್ ಕೂಡಿಸಿ. ಬದಲಿಗೆ ಅವರು ಕೇಳುವುದು ಒಂದೇ. ನಿನ್ನ ತೋಟದ ಕಾಫಿ ಸ್ವಲ್ಪ ತರಬೇಕು. ತಾನು ಅಷ್ಟು ವರ್ಷ ಬೆಳೆದದ್ದು ಒಳ್ಳೆಯ ಕಾಫಿಯಾಗಿತ್ತೋ ಇಲ್ಲವೋ ತಿಳಿಯದೆ ಸಾಯುವುದಕ್ಕೆ ಅವರಿಗೆ ಇಷ್ಟವಿಲ್ಲ. ಅವರ ತೋಟದ್ದು ಇನ್ನು ಸಿಗುವುದಿಲ್ಲ. ನಿನ್ನದು ಅದೇ ರೊಬಸ್ಟ, ಹಾಗೇ ಮರದ ನೆರಳು, ಹೆಚ್ಚುಕಡಿಮೆ ಅದೇ ಹವೆ. ನಿನ್ನದನ್ನು ಕುಡಿದರೆ ತನ್ನದು ಗೊತ್ತಾಗುತ್ತದೆ ಅನ್ನುತ್ತಾರೆ."

ಮೂವತ್ತು ವರ್ಷ ಬೆಳೆದವರಿಗೆ ತಮ್ಮ ಕಾಫಿ ಹೇಗಿತ್ತೆಂದು ಗೊತ್ತಿಲ್ಲವೇ ಎಂದು ನನಗೆ ನಗು ಬಂತು. "ಜಾವಳಿ ಸೀಮೆಗೇ ಒಂದನೇ ನಂಬರಿನ ರೊಬಸ್ಟ ತರುತ್ತೇನೆ, ಮಾವನಿಗೆ ಹೇಳು" ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಚೆಗೆ ಹಾಕಿದೆ. ಹಾಕಿ ಮರೆತೆ.

ನನ್ನ ಜೊತೆ ಹೆಂಡತಿ ಸುಶೀಲ ಹೊರಟಳು. ಮೂಡಿಗೆರೆಯ ನನ್ನ ಗೆಳೆಯರು ಇಬ್ರಾಹಿಂ ಸಾಹೇಬರೂ ಹೊರಟರು. ಎರಡು ಲಾರಿ, ಒಂದು ಗ್ಯಾರೇಜು, ಹದಿನೆಂಟು ಎಕರೆ ಕಾಫಿಯ ಯಜಮಾನರು. ನನಗಿಂತ ಹತ್ತು ವರ್ಷ ದೊಡ್ಡವರು, ನನಗಿಂತ ಹತ್ತು ಪಟ್ಟು ಬುದ್ಧಿವಂತರು. ಅಲ್ಮೇಡರ ಕಥೆ ಕೇಳಿ ಅವರು ಹೇಳಿದ್ದು ಇಷ್ಟೇ: "ಪಾಪ. ಆದ್ರೂ ಗೌಡ್ರೆ, ಇನ್ನೊಬ್ರ ನೆಲದಲ್ಲಿ ಬೇಲಿ ಹಾಕ್ದವ್ರು ಯಾವತ್ತಾದ್ರೂ ಒಂದಿನ ಪೆಟ್ಟಿಗೆ ಕಟ್ಲೇಬೇಕಲ್ಲ."

ಲಿಸ್ಬನ್, ಮೊದಲ ದಿನ

ಲಿಸ್ಬನ್ ನೋಡಿ ಸುಶೀಲಳಿಗೆ ನಿರಾಸೆಯಾಯಿತು. ಯುರೋಪು ಎಂದರೆ ಚಪ್ಪಟೆಯಾಗಿ, ಗುಡಿಸಿ ಸಾರಿಸಿದ ಹಾಗೆ ಇರುತ್ತದೆಂದು ಅವಳು ತಿಳಿದಿದ್ದಳು. ಇಲ್ಲಿ ಊರೆಲ್ಲ ಚಾರ್ಮಾಡಿ ಘಾಟಿ. ಹತ್ತು, ಇಳಿ, ಮತ್ತೆ ಹತ್ತು. ಕಿಟಕಿ ಕಿಟಕಿಯಲ್ಲೂ ಒಗೆದ ಬಟ್ಟೆ. "ಬೆಟ್ಟ ಹತ್ತೋದಕ್ಕೆ, ಲಂಗೋಟಿ ನೋಡೋದಕ್ಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದಳು.

ಲಾರೆನ್ಸ್ ಮನೆಯಲ್ಲಿ ಅವನ ಹೆಂಡತಿ ಎಲ್ಲರ ಎರಡೂ ಕೆನ್ನೆಗೆ ಮುತ್ತಿಟ್ಟು ಸ್ವಾಗತಿಸಿದಳು. ಅಲ್ಲಿನ ಪದ್ಧತಿಯಂತೆ. ನನಗೆ ಅದು ಅನಿರೀಕ್ಷಿತವಾದರೂ ಅಸಹ್ಯವೇನೂ ಆಗಲಿಲ್ಲ. ಅದನ್ನು ಸುಶೀಲ ಗಮನಿಸಿದಳು. ಇಬ್ರಾಹಿಂ ಸಾಹೇಬರು ಮಾತ್ರ ದೊಡ್ಡ ಸೂಟ್‌ಕೇಸನ್ನು ಎದೆಗೆ ಅವಚಿಕೊಂಡು ಎರಡೂ ಕೈಯಿಂದ ಹಿಡಿದು ನಿಂತರು. ಭಾರ ಇಳಿಸಿ ಎಂದು ಎಷ್ಟು ಹೇಳಿದರೂ ಆಕೆ ಒಳಗೆ ಹೋಗುವ ತನಕ ಇಳಿಸಲಿಲ್ಲ.

ಮಧ್ಯಾಹ್ನ ನನಗೆ ಕಾಫಿಯ ನೆನಪಾಯಿತು. ಹೊರಡುವಾಗ ಕಾಫಿ ಕಟ್ಟು ಎಂದಷ್ಟೇ ಸುಶೀಲಳಿಗೆ ಹೇಳಿದ್ದೆ. "ಕಾಫಿ ಡಬ್ಬಿ ಎಲ್ಲಿ? ನಾಳೆ ಊಟಕ್ಕೆ ಒಯ್ಯಬೇಕು" ಎಂದೆ. ಸುಶೀಲ ಸೀರೆಗಳ ಕೆಳಗಿಂದ ಡಬ್ಬಿ ತೆಗೆದು ಕೊಟ್ಟಳು. ಮುಚ್ಚಳ ತೆಗೆದೆ. ಮೂಗಿಗೆ ಮೊದಲು ಬಡಿದದ್ದು ಚಿಕೋರಿ. ಅದರ ಹಿಂದೆ ಸುಟ್ಟ ವಾಸನೆ.

"ಇದು ಮನೆ ಪುಡಿ ಅಲ್ವಾ?"

"ಮತ್ತೆ? ಮನೆಯಲ್ಲಿ ಇದ್ದದ್ದು ಇದೇ. ನೀವು ಯಾವತ್ತಾದ್ರೂ ಬೇರೆ ತಂದ್ಕೊಟ್ಟಿದ್ದೀರಾ?"

ಕಾಫಿ ಬೆಳೆಗಾರರ ಒಂದು ಗುಟ್ಟನ್ನು ಹೊರಗಿನವರಿಗೆ ಇಲ್ಲಿ ಹೇಳಲೇಬೇಕು. ನಮ್ಮ ಒಳ್ಳೆಯ ಬೀಜವೆಲ್ಲ ಚೀಲ ತುಂಬಿ ಲಾರಿ ಹತ್ತಿ ಕಾಫಿ ಬೋರ್ಡಿನ ಪೂಲಿಗೆ ಹೋಗುತ್ತದೆ. ಅಲ್ಲಿ ಎಲ್ಲರ ಕಾಫಿಯೂ ಒಂದರೊಳಗೊಂದು ಬೆರೆತು ಯಾವುದೋ ದೇಶದ ಯಾರದೋ ಲೋಟ ಸೇರುತ್ತದೆ. ಮನೆ ಖರ್ಚಿಗೆ ಒಂದಿಷ್ಟು ಇಟ್ಟುಕೊಳ್ಳಬಹುದು. ಆದರೆ ಅದಕ್ಕೆಂದು ಒಳ್ಳೆಯದನ್ನು ತೆಗೆದಿಡಲು ಯಾವ ಬೆಳೆಗಾರನಿಗೂ ಕೈ ಬರುವುದಿಲ್ಲ. ಗಿಡದ ಬುಡದಲ್ಲಿ ಉದುರಿದ್ದು, ಕಪ್ಪು ತಿರುಗಿದ್ದು, ಒಡೆದದ್ದು, ಒಣಗಿಸುವ ಕಣ ಗುಡಿಸಿದಾಗ ಮೂಲೆಯಲ್ಲಿ ಸಿಕ್ಕಿದ್ದು, ಇದು ಅಡುಗೆಮನೆಯ ಪಾಲು. ಅದನ್ನು ಕರಿಗಟ್ಟುವ ತನಕ ಹುರಿಯುತ್ತೇವೆ. ಅದರ ದೋಷ ಮುಚ್ಚಲು ಚಿಕೋರಿ, ಚಿಕೋರಿಯ ದೋಷ ಮುಚ್ಚಲು ಹಾಲು, ಹಾಲು ಸಾಲದಿದ್ದರೆ ಬೆಲ್ಲ. ಮೂರು ತಲೆಮಾರಿನಿಂದ ಇದನ್ನೇ ಕುಡಿದು "ನಮ್ಮ ತೋಟದ ಕಾಫಿ" ಎಂದು ನೆಂಟರ ಮುಂದೆ ಮೀಸೆ ತಿರುವಿದ್ದೇವೆ. ಅಲ್ಮೇಡರ ಪ್ರಶ್ನೆಗೆ ನಾನು ಯಾವ ಧೈರ್ಯದ ಮೇಲೆ ನಕ್ಕೆನೋ.

ಇಬ್ರಾಹಿಂ ಸಾಹೇಬರು ಡಬ್ಬಿಯನ್ನು ಮೂಸಿ ನೋಡಿ ಮುಚ್ಚಿಟ್ಟರು. "ಈಗ್ಲೇ ಹೇಳ್ಬಿಡಿ ಗೌಡ್ರೆ. ಇವತ್ತು ಹೇಳಿದ್ರೆ ಒಂದು ನಗು, ನಾಳೆ ಹೇಳಿದ್ರೆ ಒಂದು ಕಥೆ."

"ನೋಡೋಣ" ಎಂದೆ. ನಮ್ಮ ಮನೆತನದಲ್ಲಿ ಎಲ್ಲ ತಪ್ಪೂ ಶುರುವಾಗುವುದು ಈ ಮಾತಿನಿಂದಲೇ.

ಎರಡನೇ ದಿನ, ಊಟದ ಮೇಜು

ಊಟ ಒಂದು ಹೋಟೆಲಿನಲ್ಲಿ. ಅದರ ಧಣಿ ಅಲ್ಮೇಡರ ಹಳೆಯ ಗೆಳೆಯ, ಅವರಂತೆಯೇ ಅಂಗೋಲಾದಿಂದ ವಾಪಸು ಬಂದವನು. ಸಂಜೆಯ ಬೆಳಕು ಇನ್ನೂ ಇರುವಾಗಲೇ ನಾವು ಐದು ಜನ ಕೂತೆವು: ನಾನು, ಸುಶೀಲ, ಸಾಹೇಬರು, ಲಾರೆನ್ಸ್, ಅಲ್ಮೇಡ. ಲಾರೆನ್ಸಿನ ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅಲ್ಮೇಡ ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮಾಡಿದ ಹಳೆಯ ಕೋಟಿನಲ್ಲಿದ್ದರು. ನನ್ನ ಕೈ ಕುಲುಕುವಾಗ ಮುಖ ನೋಡಲಿಲ್ಲ. ಕೈ ತಿರುಗಿಸಿ ಅಂಗೈ ನೋಡಿದರು. ಗಿಡ ಸವರುವ ಕಪಾತು ಕತ್ತರಿ ಹಿಡಿದ ಗುರುತು ಹುಡುಕುತ್ತಿದ್ದರು. ನನ್ನ ಅಂಗೈಯಲ್ಲಿ ಅಂಥದ್ದೇನೂ ಇರಲಿಲ್ಲ, ಅದೆಲ್ಲ ಮೇಸ್ತ್ರಿಯ ಕೈಯಲ್ಲಿರುತ್ತದೆ. ಆಮೇಲೆ ಸುಶೀಲಳ ಮಡಿಲಲ್ಲಿದ್ದ ಡಬ್ಬಿ ನೋಡಿ ಏನೋ ಹೇಳಿದರು.

"ಮಾವ ನಿನ್ನೆ ಇಡೀ ದಿನ ಕಾಫಿ ಕುಡಿಲಿಲ್ಲ ಮಾರಾಯ. ಬಾಯಿ ಚೊಕ್ಕ ಇಟ್ಕೊಂಡಿದ್ದಾರೆ" ಎಂದ ಲಾರೆನ್ಸ್.

ಆ ಗಳಿಗೆಯಲ್ಲೇ ಒಂದು ಉಪಾಯ ಮಾಡಿದೆ. ಪ್ರತಿ ಖಾದ್ಯಕ್ಕೂ ಒಂದು ವೈನ್ ಇದೆಯಲ್ಲ, ಒಂದೊಂದನ್ನೂ ಹೊಗಳಿ, ಪ್ರಶ್ನೆ ಕೇಳಿ, ಎರಡೆರಡು ಸಲ ಸುರಿಸಿ, ಊಟವನ್ನು ಎಳೆಯುವುದು. ಮುದುಕರಿಗೆ ಮತ್ತೇರಿ ಕಾಫಿಯ ವಿಷಯ ಮರೆತೇಹೋಗಬೇಕು.

ಮೊದಲು ಬಂದದ್ದು ಮರುವಾಯಿ ಎಂಬ ಚಿಪ್ಪುಮೀನು, ಬೆಳ್ಳುಳ್ಳಿ ಹಾಕಿ ಬೇಯಿಸಿದ್ದು. ಅದಕ್ಕೆ ಜೋಡಿ "ಹಸಿರು ವೈನ್". ಹೆಸರು ಹಸಿರು, ಬಣ್ಣ ನೀರಿನದು. ಧಣಿ ನನ್ನ ಗ್ಲಾಸಿಗೆ ಒಂದೇ ಗುಟುಕು ಸುರಿದು ಪಕ್ಕದಲ್ಲಿ ನಿಂತ. ಇಷ್ಟು ಕಮ್ಮಿ ಕೊಟ್ಟು ನಿಲ್ಲುವವರನ್ನು ನಾನು ದೇವಸ್ಥಾನದಲ್ಲಿ ಮಾತ್ರ ನೋಡಿದ್ದೆ. ಕುಡಿದೆ. ಬೆರಳಿಗೆ ಎರಡು ಹನಿ ತಾಗಿತ್ತು. ಅಭ್ಯಾಸಬಲ ನೋಡಿ, ತೀರ್ಥ ತೆಗೆದುಕೊಂಡವನ ಹಾಗೆ ಆ ಕೈಯನ್ನು ಕಣ್ಣಿಗೊತ್ತಿ ತಲೆಗೆ ಸವರಿಕೊಂಡೆ. ಭಾರತದಲ್ಲಿ ಒಳ್ಳೆಯ ವೈನನ್ನು ಒಪ್ಪಿಕೊಳ್ಳುವ ಕ್ರಮ ಇದೇ ಎಂದು ಧಣಿಗೆ ಅನ್ನಿಸಿರಬೇಕು. ಅವನೂ ಗಂಭೀರವಾಗಿ ಬೆರಳು ಅದ್ದಿ ತನ್ನ ಬೋಳು ತಲೆಗೆ ಸವರಿಕೊಂಡ. ಮುಂದಿನ ಪ್ರತಿ ಬಾಟಲಿಗೂ ಇಬ್ಬರೂ ಹಾಗೇ ಮಾಡಬೇಕಾಯಿತು.

ಸುಶೀಲ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು. ಪ್ರತಿವರ್ಷ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುವವಳು ಅವಳು. "ಹುಳಿ. ಇವ್ರಿಗೆ ಸಕ್ಕರೆ ಹಾಕ್ಬೇಕು ಅಂತ ಗೊತ್ತಿಲ್ವಾ?"

"ಬಹಳ ಚೆನ್ನಾಗಿದೆ ಅಂತಿದ್ದಾಳೆ ಅನ್ನು" ಎಂದು ನಾನು ಲಾರೆನ್ಸಿಗೆ ಹೇಳಿದೆ.

ಯಾವ ಖಾದ್ಯಕ್ಕೆ ಯಾವ ವೈನ್ ಎಂಬುದನ್ನು ಅಲ್ಲಿನವರು ಜಾತಕ ಕೂಡಿಸಿದ ಹಾಗೆ ನೋಡುತ್ತಾರೆ. ಒಂದು ಗುಣ ಕೂಡದಿದ್ದರೂ ಸಂಬಂಧ ಬೇಡ. ಎರಡನೆಯ ತಟ್ಟೆಗೆ ಇದೇ ಜಗಳವಾಯಿತು. ಕೆಂಪು ಕೂಡುತ್ತದೆ ಎಂದು ಅಲ್ಮೇಡ, ಬಿಳಿಯೇ ಕೂಡುವುದು ಎಂದು ಧಣಿ. ಇಬ್ಬರೂ ಎದ್ದುನಿಂತು ವಾದಿಸಿದರು. ನಾನು ಎರಡನ್ನೂ ತರಿಸಿ ನೋಡೋಣ ಎಂದೆ. ಎಷ್ಟು ಹೊತ್ತಾದರೆ ನನಗೆ ಅಷ್ಟು ಒಳ್ಳೆಯದು.

ಅಷ್ಟೆಲ್ಲ ಜಗಳಕ್ಕೆ ಕಾರಣವಾದ ಆ ತಟ್ಟೆಯ ಮುಚ್ಚಳ ತೆಗೆದಾಗ ವಾಸನೆ ಪರಿಚಯದ್ದೇ. ಒಣಮೀನು! ನಮ್ಮಲ್ಲಿ ಮಳೆಗಾಲದಲ್ಲಿ ಒಣಮೀನು ಸುಡುವಾಗ ಯಾರಾದರೂ ನೆಂಟರು ಬಂದರೆ ಊದುಬತ್ತಿ ಹಚ್ಚುತ್ತೇವೆ. ಇಲ್ಲಿ ಆಲೂಗಡ್ಡೆಯ ಹಾಸಿಗೆಯ ಮೇಲೆ, ಆಲಿವ್ ಎಣ್ಣೆ ಸುರಿದು, ಮೇಜಿನ ನಡುವೆ ಮದುಮಗನ ಹಾಗೆ ಕೂರಿಸಿದ್ದರು. "ಮನೆಯಲ್ಲಿ ನಾನು ಮಾಡಿದ್ರೆ ಕಿಟಕಿ ತೆಗಿ ಅಂತೀರಿ" ಎಂದಳು ಸುಶೀಲ. ನಾನು ಅದನ್ನು ಅನುವಾದ ಮಾಡಿಸಲಿಲ್ಲ.

ಮೂರನೆಯದು ಒಲೆಯಲ್ಲಿ ಸುಟ್ಟ ಹಂದಿಮರಿ, ಜೊತೆಗೆ ಕಪ್ಪುಗೆಂಪು ವೈನ್. ಸಾಹೇಬರಿಗೆ ಮಾತ್ರ ಬೇರೆ, ಮೆಣಸು ಹಚ್ಚಿ ಸುಟ್ಟ ಕೋಳಿ. ಅವರು ವೈನ್ ಮುಟ್ಟುವುದಿಲ್ಲವೆಂದು ತಿಳಿದಾಗ ಧಣಿ ತಲೆಯ ಮೇಲೆ ಕೈಹೊತ್ತು, ಕೊನೆಗೆ ಅವರ ಎಲ್ಲ ಖಾದ್ಯಕ್ಕೂ ಕಿತ್ತಳೆ ರಸವನ್ನೇ ಜೋಡಿ ಮಾಡಿದ್ದ. ಆದರೂ ಹೊಸ ತಟ್ಟೆ ಬಂದಾಗಲೆಲ್ಲ ಹೊಸ ಗ್ಲಾಸಿಗೆ ಅದೇ ರಸವನ್ನು ಒಂದು ಗುಟುಕು ಸುರಿದು ಅವರ ಅಭಿಪ್ರಾಯಕ್ಕೆ ಕಾಯುತ್ತಿದ್ದ. ಸಾಹೇಬರು ಪ್ರತಿಸಲವೂ ಬಾಯಿ ಚಪ್ಪರಿಸಿ, ಸ್ವಲ್ಪ ಯೋಚಿಸಿ, ತಲೆಯಾಡಿಸುತ್ತಿದ್ದರು. ಅಂಥ ಮರ್ಯಾದಸ್ಥರು.

ಮೆಣಸಿನಕಾಯಿಯನ್ನು ನಿಮ್ಮ ದೇಶಕ್ಕೆ ತಂದವರು ನಮ್ಮವರೇ ಎಂದು ಅಲ್ಮೇಡ ಹೆಮ್ಮೆಯಿಂದ ಹೇಳಿದರು. ಸುಶೀಲ ಕೋಳಿಯ ಒಂದು ಚೂರು ರುಚಿ ನೋಡಿ, "ತಂದುಕೊಟ್ರು ಸರಿ. ತಮಗೆ ಅಂತ ಸ್ವಲ್ಪ ಇಟ್ಕೊಳ್ಳೋದು ಮರ್ತಿದ್ದಾರೆ" ಎಂದಳು.

ನಾನು ಹೊಗಳುತ್ತಲೇ ಇದ್ದೆ. ಈ ದ್ರಾಕ್ಷಿ ಯಾವ ಮಣ್ಣಿನದು, ಆ ಪೀಪಾಯಿ ಯಾವ ಮರದ್ದು, ಎಷ್ಟು ವರ್ಷ ಇಟ್ಟದ್ದು. ಅಲ್ಮೇಡ ಎಲ್ಲದಕ್ಕೂ ನಿಧಾನವಾಗಿ ಉತ್ತರ ಹೇಳಿದರು. ಆದರೆ ಅವರ ಗ್ಲಾಸಿನಲ್ಲಿ ವೈನ್ ಇಳಿಯುತ್ತಲೇ ಇರಲಿಲ್ಲ. ತುಟಿಗೆ ತಾಗಿಸಿ ಕೆಳಗಿಡುತ್ತಿದ್ದರು. ಮತ್ತೇರುತ್ತಿದ್ದದ್ದು ನನಗೆ.

"ಗೌಡ್ರೆ, ಸಾಕು. ಅವ್ರು ಬಾಯಿ ಕಾಯ್ತಾ ಕೂತಿದ್ದಾರೆ. ನೀವು ಸುಮ್ನೆ ನೀವೇ ಬೀಳೋ ಬಾವಿ ತೋಡ್ತಾ ಇದ್ದೀರಿ" ಎಂದರು ಸಾಹೇಬರು.

ಕುರಿಹಾಲಿನ ಮೆತ್ತನೆಯ ಚೀಸಿನ ಜೊತೆ ಸಿಹಿಯಾದ ಪೋರ್ಟ್ ವೈನ್ ಬಂತು. ಸುಶೀಲಳಿಗೆ ಮೊದಲ ಬಾರಿಗೆ ಒಪ್ಪಿಗೆಯಾಯಿತು. "ಇದೊಂದಕ್ಕೆ ಸಕ್ಕರೆ ಹಾಕಿದ್ದಾರೆ." ಅದೇ ಕೊನೆಯ ವೈನ್. ಅಲ್ಮೇಡ ನ್ಯಾಪ್ಕಿನ್ ಮಡಿಸಿಟ್ಟು, ಸುಶೀಲಳ ಕಡೆ ತಿರುಗಿ, ಎರಡೂ ಕೈ ಚಾಚಿದರು. ಅವಳು ನನ್ನ ಮುಖ ನೋಡಿ ಡಬ್ಬಿ ಕೊಟ್ಟಳು.

ಅದೇ ಮೇಜು, ಕಾಫಿ

ಸುಶೀಲ ಮನೆಯಿಂದ ತಂದ ಸ್ಟೀಲಿನ ಫಿಲ್ಟರಿನಲ್ಲಿ ಪುಡಿ ಹಾಕಿ, ಅಡುಗೆಮನೆಯಿಂದ ಬಿಸಿನೀರು ತರಿಸಿ, ಮೇಜಿನ ಮೇಲೇ ಇಟ್ಟಳು. ನಮ್ಮ ಫಿಲ್ಟರಿನ ಸ್ವಭಾವ ಗೊತ್ತಲ್ಲ, ಅವಸರ ಎಂಬುದೇ ಇಲ್ಲ. ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್. ಐದೂ ಜನ, ಜೊತೆಗೆ ಧಣಿ, ಅಡುಗೆಯವರಿಬ್ಬರು, ಎಲ್ಲರೂ ಅದನ್ನೇ ನೋಡುತ್ತ ಕೂತೆವು. ಹಾಲು ಬೇಡ, ಬೆಲ್ಲ ಬೇಡ ಎಂದರು ಅಲ್ಮೇಡ. ಬರೀ ಡಿಕಾಕ್ಷನ್ನಿಗೆ ಬಿಸಿನೀರು ಬೆರೆಸಿ ಕೊಟ್ಟಾಯಿತು. ಆ ಪುಡಿಯನ್ನು ಹಾಲಿಲ್ಲದೆ ಕುಡಿಯುವ ಧೈರ್ಯ ನಾನೇ ಯಾವತ್ತೂ ಮಾಡಿರಲಿಲ್ಲ.

ಅವರು ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು. ಆಮೇಲೆ ಕಪ್ಪನ್ನು ಸದ್ದಾಗದ ಹಾಗೆ ಕೆಳಗಿಟ್ಟು ಮೆಲ್ಲಗೆ ಒಂದು ಮಾತು ಹೇಳಿ, ನನಗೆ ತಲೆಬಾಗಿ ವಂದಿಸಿದರು.

ಲಾರೆನ್ಸ್ ಅದನ್ನು ಅನುವಾದ ಮಾಡಲಿಲ್ಲ. "ಎಂತ ಹೇಳಿದ್ರು?" ಎಂದೆ.

"ಎಂತ ಇಲ್ಲ ಮಾರಾಯ. ನಿಂಗೆ ಥ್ಯಾಂಕ್ಸ್ ಹೇಳಿದ್ರು."

"ಅದಕ್ಕೆ ಮುಂಚೆ?"

"ಹಾಗಾದ್ರೆ ಇಷ್ಟೇ ಅಂದ್ರು."

ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಸುಮ್ಮನಿದ್ದಿದ್ದರೆ ನನ್ನ ಬಡಾಯಿ ಉಳಿಯುತ್ತಿತ್ತು. ಒಂದನೇ ನಂಬರಿನ ರೊಬಸ್ಟವೇ ಹೀಗೆ, ಏನು ಮಾಡುವುದು ಎಂದು ಅವರೂ ಸುಮ್ಮನಾಗುತ್ತಿದ್ದರು. ನಿಜ ಹೇಳುತ್ತೇನೆ, ಒಂದು ನಿಮಿಷ ಸುಮ್ಮನಿದ್ದೆ ಕೂಡ.

"ಗೌಡ್ರೆ," ಸಾಹೇಬರು ಮುಂದಕ್ಕೆ ಬಗ್ಗಿದರು. "ಆ ಮನುಷ್ಯ ಮೂವತ್ತು ವರ್ಷ ಬೆಳೆದದ್ದು ಕಸ ಅಂತ ತಿಳ್ಕೊಂಡು ಮನೆಗೆ ಹೋಗ್ತಾರೆ. ನಿಮ್ಮ ಮಾನ ಜಾವಳಿಗೆ ಹೋಗಿ ಹುಡುಕ್ಕೊಳ್ಳಿ. ಈಗ ಹೇಳಿ ಮಾರಾಯ್ರೆ."

ಹೇಳಿದೆ. ಉದುರಿದ್ದು, ಒಡೆದದ್ದು, ಕಣ ಗುಡಿಸಿದ್ದು, ಚಿಕೋರಿ, ಎಲ್ಲ. "ಇದನ್ನ ನಾನು ಹೇಗೆ ಹೇಳೂದು?" ಎಂದು ಲಾರೆನ್ಸ್ ಬೆವರು ಒರೆಸಿಕೊಂಡ. "ಇದ್ದದ್ದು ಇದ್ದ ಹಾಗೆ ಹೇಳು" ಎಂದೆ. ಅವನು ಒಂದೊಂದೇ ಮಾತು ಹೆಕ್ಕಿ ಹೇಳುತ್ತಿದ್ದಾಗ ಅಲ್ಮೇಡರ ಹುಬ್ಬು ಮೇಲೇರಿತು. ಅವರು ನನಗೆ ಒಂದೇ ಪ್ರಶ್ನೆ ಕೇಳಿದರು.

"ನಿಮ್ಮ ಮನೆಯಲ್ಲೂ ಕಸವನ್ನೇ ಕುಡಿಯುವುದೇ?"

"ಮೂರು ತಲೆಮಾರಿನಿಂದ."

ಅವರು ನಗತೊಡಗಿದರು. ಕೆಮ್ಮು ಬರುವ ತನಕ ನಕ್ಕರು. ಧಣಿ ನೀರು ತಂದ. ತೀರಿಹೋದ ತಮ್ಮ ಹೆಂಡತಿಯೂ ಕಣದ ಮೂಲೆಯದ್ದನ್ನೇ ಹುರಿಯುತ್ತಿದ್ದಳಂತೆ, ಬಾರ್ಲಿ ಬೆರೆಸುತ್ತಿದ್ದಳಂತೆ. ಒಳ್ಳೆಯದೆಲ್ಲ ಹಡಗಿಗೆ. ಒಂದು ದಿನವಾದರೂ ಒಳ್ಳೆಯದನ್ನು ಹುರಿ ಎಂದು ತಾವು ಹೇಳಲಿಲ್ಲ, ನಾಳೆ ಕುಡಿದರಾಯಿತು ಎಂದುಕೊಂಡಿದ್ದರು, ತೋಟ ಎಲ್ಲಿ ಹೋಗುತ್ತದೆ ಎಂದು. ಇದನ್ನೆಲ್ಲ ಹೇಳಿ ಕಣ್ಣೊರೆಸಿಕೊಂಡು ಕೇಳಿದರು: "ಸರಿ. ನಿಮ್ಮ ಒಳ್ಳೆಯ ಕಾಫಿ ಹೇಗಿರುತ್ತದೆ, ಅದನ್ನು ಹೇಳಿ."

ಇಡೀ ಸಂಜೆ ಬೇರೆಯವರ ದ್ರಾಕ್ಷಿಯ ಮಣ್ಣು, ಮರ, ವಯಸ್ಸು ಎಲ್ಲ ವಿಚಾರಿಸಿದವನು ನಾನು.

"ಗೊತ್ತಿಲ್ಲ" ಎಂದೆ. ನಲವತ್ತೈದು ವರ್ಷದಲ್ಲಿ ಅಷ್ಟು ನಾಚಿಕೆ ನನಗೆ ಇನ್ನೊಮ್ಮೆ ಆಗಿಲ್ಲ.

ಬೀಳ್ಕೊಡುವಾಗ ಅವರು ಆ ಡಬ್ಬಿಯನ್ನು ತಾವೇ ಇಟ್ಟುಕೊಂಡರು. ಮರ್ಯಾದೆಗೆ ಇಟ್ಟುಕೊಂಡಿರಬೇಕು ಎಂದುಕೊಂಡೆವು. ಊರಿಗೆ ಹೋಗಿ ಒಳ್ಳೆಯದನ್ನು ಕಳಿಸುತ್ತೇನೆ ಎಂದು ನಾನು ಮಾತು ಕೊಟ್ಟೆ. ಈ ಸಲ ದಪ್ಪ ಅಕ್ಷರ ಇರಲಿಲ್ಲ.

ಮತ್ತೆ ಜಾವಳಿ

ಆ ವರ್ಷ ಕುಯ್ಲಿಗೆ ನಾನೇ ಮುಂದೆ ನಿಂತು ಚೆನ್ನಾಗಿ ಹಣ್ಣಾದದ್ದನ್ನು ಮಾತ್ರ ಬಿಡಿಸಿ, ಬೇರೆ ಒಣಗಿಸಿ, ಮನೆ ಖರ್ಚಿಗೆಂದು ತೆಗೆದಿಟ್ಟೆ. ನನ್ನ ತಲೆ ಕೆಟ್ಟಿದೆ ಎಂದು ಮೇಸ್ತ್ರಿ ಸುಶೀಲಳ ಹತ್ತಿರ ಹೇಳಿದನಂತೆ. ಅವಳು ಮೊರದಲ್ಲಿ ಒಂದೊಂದೇ ಬೀಜ ಆರಿಸಿ, ಹದವಾಗಿ ಹುರಿದು, ಚಿಕೋರಿ ಡಬ್ಬಿಯ ಕಡೆ ತಿರುಗಿಯೂ ನೋಡದೆ ಪುಡಿ ಮಾಡಿದಳು. ಮೊದಲ ಲೋಟ ನಮಗೇ.

ಕುಡಿದೆವು. ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಪ್ಪ, ಅಜ್ಜ ಯಾರೂ ಕುಡಿಯದ ಕಾಫಿ. ಗಂಟಲಲ್ಲಿ ಇಳಿದ ಮೇಲೂ ನಾಲಿಗೆಯ ಮೇಲೆ ನಿಂತಿತ್ತು. ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯುರಿಯೂ ಆಯಿತು, ಇಷ್ಟು ವರ್ಷ ಯಾರೋ ಕುಡಿದರಲ್ಲ ಎಂದು.

"ಚೆನ್ನಾಗಿದೆ" ಎಂದಳು ಸುಶೀಲ. ಲೋಟ ಕೆಳಗಿಟ್ಟು, "ಆದ್ರೆ ಕಾಫಿ ಕುಡಿದ ಹಾಗೆ ಆಗ್ಲಿಲ್ಲ" ಎಂದಳು. ನಾನು ಅವಳನ್ನು ಗದರಿಸಿ, ಉಳಿದದ್ದನ್ನೆಲ್ಲ ಪಾರ್ಸೆಲ್ ಮಾಡಿ ಲಿಸ್ಬನ್ನಿಗೆ ಕಳಿಸಿದೆ.

ಎರಡು ತಿಂಗಳ ಮೇಲೆ ಲಾರೆನ್ಸಿನ ಉತ್ತರ ಬಂತು. ಸುಶೀಲ, ಇಬ್ರಾಹಿಂ ಸಾಹೇಬರು ಇಬ್ಬರ ಮುಂದೆಯೂ ಗಟ್ಟಿಯಾಗಿ ಓದಿದೆ.

"ಮಾವ ಯಾರೂ ಮಾತಾಡಬೇಡಿ ಎಂದು ಕೈ ಸನ್ನೆ ಮಾಡಿ, ಕಿಟಕಿಯ ಹತ್ತಿರ ಕೂತು, ಇಡೀ ಕಪ್ ಖಾಲಿ ಮಾಡಿದರು. 'ನಾನು ಒಳ್ಳೆಯದನ್ನೇ ಬೆಳೆದಿದ್ದೆ' ಅಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಮುಚ್ಚಳ ಗಟ್ಟಿಯಾಗಿ ಹಾಕಿ ನನ್ನ ಹೆಂಡತಿಯ ಕೈಗೆ ಕೊಟ್ಟು ಹೇಳಿದರು: 'ಇದನ್ನು ನೆಂಟರು ಬಂದಾಗ ಮಾಡು. ನನಗೆ ನಿನ್ನ ಅಮ್ಮ ಮಾಡುತ್ತಿದ್ದಂಥದ್ದೇ ಸಾಕು.' ನೀವು ಬಿಟ್ಟುಹೋದ ಆ ಡಬ್ಬಿಯ ಪುಡಿಯನ್ನು ದಿನಕ್ಕೆ ಒಂದೇ ಚಮಚದಂತೆ ಇಷ್ಟು ದಿನ ಬಳಸಿದ್ದಾರೆ. ಕಳೆದ ವಾರ ತಳ ಕಂಡಿತು. ಹೇಗೆ ಕೇಳುವುದೋ ಗೊತ್ತಾಗುತ್ತಿಲ್ಲ ಮಾರಾಯ. ಕಣ ಗುಡಿಸಿದ್ದು ಏನಾದರೂ ಉಳಿದಿದೆಯಾ?"